ಸಂದೇಶ ಪ್ರೋಟೊಕಾಲ್‌ಗಳಲ್ಲಿ ಎಸ್ಕೇಪ್ ಸಂಕೇತದ ನಿಯಮಗಳು: ಕನ್ನಡ ಕಿರುಸಂದೇಶದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಧನಗೆರೆ ಎಂಬ ಊರಿದೆ. ಕನ್ನಡ ಬಲ್ಲವರ ಕಣ್ಣಿಗೆ ಈ ಹೆಸರಿನಲ್ಲಿ ನಾಲ್ಕು ಅಕ್ಷರಗಳಿವೆ: ಧ, ನ, ಗೆ, ರೆ. ಯೂನಿಕೋಡ್ ಪದ್ಧತಿಯಲ್ಲಿ ಇದು ಆರು ಸಂಕೇತಗಳ ಸಾಲು; ‘ಗೆ’ ಮತ್ತು ‘ರೆ’ಗಳಲ್ಲಿರುವ ಎತ್ವಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿದೆ. ಮೊಬೈಲ್ ಕಿರುಸಂದೇಶದಲ್ಲಿ ಇದೇ ಹೆಸರು ಸಾಮಾನ್ಯವಾಗಿ 12 ಬೈಟ್‌ಗಳನ್ನೂ, ಅಂತರಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ 18 ಬೈಟ್‌ಗಳನ್ನೂ ಬೇಡುತ್ತದೆ. ಎಕ್ಸ್‌ಎಂಎಲ್‌ನ ಸಂಖ್ಯಾ ಉಲ್ಲೇಖದ ರೂಪದಲ್ಲಿ ಬರೆದಾಗ 42 ಚಿಹ್ನೆಗಳಾಗಿಯೂ, ಜಾಲವಿಳಾಸದಲ್ಲಿ ಶೇಕಡಾ ಚಿಹ್ನೆಯೊಡನೆ ಬರೆದಾಗ 54 ಚಿಹ್ನೆಗಳಾಗಿಯೂ ಹಿಗ್ಗುತ್ತದೆ. ಊರು ಒಂದೇ, ಹೆಸರು ಒಂದೇ. ಸಾಗುವ ದಾರಿಗೆ ತಕ್ಕಂತೆ ಅದರ ರೂಪ ಮಾತ್ರ ಬೇರೆ. ಈ ರೂಪಾಂತರಗಳ ಕೊನೆಯಲ್ಲಿ ಓದುಗನ ಮುಂದೆ ಮತ್ತೆ ‘ಧನಗೆರೆ’ ಎಂದೇ ಮೂಡಬೇಕಾದರೆ, ಕಳುಹಿಸುವ ಯಂತ್ರವೂ ಪಡೆಯುವ ಯಂತ್ರವೂ ಒಂದೇ ನಿಯಮವನ್ನು ಒಂದೇ ರೀತಿಯಲ್ಲಿ ಅರ್ಥಮಾಡಿಕೊಂಡಿರಬೇಕು. ಆ ನಿಯಮಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಎಸ್ಕೇಪ್ ಸಂಕೇತಕ್ಕೆ ಸಂಬಂಧಿಸಿದ್ದು. ಅದರ ಸ್ವರೂಪವನ್ನೂ, ಕನ್ನಡದ ಮಟ್ಟಿಗೆ ಅದು ತಂದೊಡ್ಡಿರುವ ಪ್ರಶ್ನೆಗಳನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಹೆಸರಿನ ನಿಖರತೆಯ ಪ್ರಶ್ನೆ

ಇದು ಕೇವಲ ತಾಂತ್ರಿಕ ವಿಷಯವಲ್ಲ. ‘ಧನ’ ಎಂದರೆ ಸಂಪತ್ತು, ‘ದನ’ ಎಂದರೆ ಜಾನುವಾರು. ಒಂದು ಮಹಾಪ್ರಾಣ ಬಿದ್ದುಹೋದರೆ ಊರಿನ ಹೆಸರು ಬೇರೊಂದು ಹೆಸರಾಗುತ್ತದೆ. ತಮಿಳು ಲಿಪಿಯಲ್ಲಿ ದ, ಧಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ರೋಮನ್ ಲಿಪಿಯಲ್ಲಿ ವಿಶೇಷ ಚಿಹ್ನೆಗಳಿಲ್ಲದೆ ಹ್ರಸ್ವ ದೀರ್ಘಗಳ ಭೇದವಾಗಲಿ, ಲ ಳಗಳ ಭೇದವಾಗಲಿ ಉಳಿಯುವುದಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಒಂದೇ ಭಾಷೆಯನ್ನಾಡುವ ಅಕ್ಕಪಕ್ಕದ ಊರುಗಳು ಎರಡು ಆಡಳಿತಗಳಿಗೆ ಒಳಪಟ್ಟಿದ್ದ ಇಂತಹ ಸೀಮೆಯಲ್ಲಿ, ಹೆಸರು ಯಾವ ಲಿಪಿಯಲ್ಲಿ ಹೇಗೆ ದಾಖಲಾಗುತ್ತದೆ ಎಂಬುದು ಬರಿಯ ಕುತೂಹಲದ ಸಂಗತಿಯಲ್ಲ. ಇಂದು ಬ್ಯಾಂಕು, ಪಡಿತರ, ಹವಾಮಾನ ಮೊದಲಾದವುಗಳ ಸೂಚನೆಗಳು ಕಿರುಸಂದೇಶದ ಮೂಲಕ ಮನೆ ಮನೆಗೆ ತಲುಪುತ್ತಿರುವಾಗ, ಹಿಂದೆ ಕಡತದಲ್ಲಿದ್ದ ಪ್ರಶ್ನೆಯೇ ಸಂಕೇತಗಳ ಕೋಷ್ಟಕಕ್ಕೆ ಬಂದು ನಿಂತಿದೆ.

2. ಎಸ್ಕೇಪ್ ಎಂಬ ಪರಿಕಲ್ಪನೆ

ಯಾವುದೇ ಸಂದೇಶದಲ್ಲಿ ಎರಡು ಬಗೆಯ ಚಿಹ್ನೆಗಳಿರುತ್ತವೆ. ಒಂದು ಬಗೆಯವು ಹೇಳಬೇಕಾದ ಮಾತಿಗೆ ಸೇರಿದವು. ಇನ್ನೊಂದು ಬಗೆಯವು ಆ ಮಾತನ್ನು ಹೇಗೆ ಓದಬೇಕೆಂದು ಯಂತ್ರಕ್ಕೆ ತಿಳಿಸುವವು. ಪಾಣಿನಿಯ ವ್ಯಾಕರಣದಲ್ಲಿ ಬರುವ ಅನುಬಂಧಗಳನ್ನು ಇಲ್ಲಿ ನೆನೆಯಬಹುದು. ಧಾತುವಿಗೋ ಪ್ರತ್ಯಯಕ್ಕೋ ಅಂಟಿರುವ ಆ ವರ್ಣಗಳು ಪ್ರಕ್ರಿಯೆಗೆ ಬೇಕಾದ ಸೂಚನೆಯನ್ನು ಕೊಟ್ಟು ಲೋಪವಾಗುತ್ತವೆ. ಸಿದ್ಧವಾದ ಪದದಲ್ಲಿ ಅವು ಉಳಿಯುವುದಿಲ್ಲ. ಎಸ್ಕೇಪ್ ಸಂಕೇತದ ಕೆಲಸವೂ ಇದೇ. ‘ನನ್ನ ಮುಂದೆ ಬರುವ ಚಿಹ್ನೆಯನ್ನು ಅದರ ರೂಢಿಯ ಅರ್ಥದಲ್ಲಿ ಓದಬಾರದು’ ಎಂದು ತಿಳಿಸಿ ಅದು ಮರೆಯಾಗಬೇಕು.

ತೊಡಕು ಹುಟ್ಟುವುದು ಸೂಚನೆಯ ಚಿಹ್ನೆಯೇ ಮಾತಿನಲ್ಲಿಯೂ ಬಂದಾಗ. ಮಿಂಚಂಚೆಯ ಎಸ್‌ಎಂಟಿಪಿ ಪ್ರೋಟೊಕಾಲ್ ಇದಕ್ಕೆ ಸರಳ ನಿದರ್ಶನ. 1982ರ ಆರ್‌ಎಫ್‌ಸಿ 821ರ ಪ್ರಕಾರ ಒಂದೇ ಒಂದು ಚುಕ್ಕಿಯಿರುವ ಸಾಲು ಪತ್ರದ ಮುಕ್ತಾಯವನ್ನು ಸೂಚಿಸುತ್ತದೆ. ಪತ್ರದೊಳಗೇ ಅಂತಹ ಸಾಲು ಇದ್ದರೆ? ಚುಕ್ಕಿಯಿಂದ ಆರಂಭವಾಗುವ ಪ್ರತಿ ಸಾಲಿನ ಮೊದಲಿಗೆ ಕಳುಹಿಸುವ ಯಂತ್ರ ಇನ್ನೊಂದು ಚುಕ್ಕಿ ಸೇರಿಸಬೇಕು. ಪಡೆಯುವ ಯಂತ್ರ ಅದನ್ನು ತೆಗೆದುಹಾಕಬೇಕು. ಯಾರು ಸೇರಿಸಬೇಕು, ಯಾರು ತೆಗೆಯಬೇಕು, ಎಷ್ಟು ಬಾರಿ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಇಲ್ಲಿ ನಿಸ್ಸಂದಿಗ್ಧವಾಗಿದೆ. ಒಳ್ಳೆಯ ಎಸ್ಕೇಪ್ ನಿಯಮದ ಲಕ್ಷಣ ಇದು.

3. ಕಿರುಸಂದೇಶದ ಮೂಲ ವರ್ಣಮಾಲೆ

1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಮೊದಲ ಕಿರುಸಂದೇಶ ರವಾನೆಯಾಯಿತು. ಈ ವ್ಯವಸ್ಥೆಯಲ್ಲಿ ಒಂದು ಸಂದೇಶದ ಒಡಲಿಗೆ ಮೀಸಲಾದದ್ದು 140 ಬೈಟ್‌ಗಳು, ಅಂದರೆ 1120 ಬಿಟ್‌ಗಳು. ಪ್ರತಿ ಚಿಹ್ನೆಗೆ 7 ಬಿಟ್‌ಗಳಂತೆ ಹಂಚಿದರೆ 160 ಚಿಹ್ನೆಗಳಾಗುತ್ತವೆ. ಏಳು ಬಿಟ್‌ಗಳಲ್ಲಿ 128 ಸ್ಥಾನಗಳು ಮಾತ್ರ ಇರುವುದರಿಂದ ಜಿಎಸ್‌ಎಂ ಮೂಲ ವರ್ಣಮಾಲೆಯಲ್ಲಿ ಇಂಗ್ಲಿಷಿನ ಜೊತೆಗೆ ಕೆಲವು ಯುರೋಪಿಯನ್ ಅಕ್ಷರಗಳಿಗಷ್ಟೇ ಎಡೆ ದೊರೆಯಿತು. ಉಳಿದವುಗಳಿಗಾಗಿ 27ನೆಯ ಸ್ಥಾನವನ್ನು ಎಸ್ಕೇಪ್ ಸಂಕೇತಕ್ಕೆ ಬಿಡಲಾಯಿತು. ಅದು ಬಂದಾಗ ಮುಂದಿನ ಒಂದು ಸಂಖ್ಯೆಯನ್ನು ಮಾತ್ರ ವಿಸ್ತರಣಾ ಕೋಷ್ಟಕದಲ್ಲಿ ನೋಡಬೇಕು.

ಈ ಕೋಷ್ಟಕದ ರಚನೆಯಲ್ಲಿ ಗಮನಿಸಬೇಕಾದ ಒಂದು ವಿವೇಕವಿದೆ. ಎಸ್ಕೇಪ್ ಅರ್ಥವಾಗದ ಹಳೆಯ ಫೋನ್ ಆ ಸಂಕೇತದ ಜಾಗದಲ್ಲಿ ಬರಿಯ ತೆರಪನ್ನು ತೋರಿಸಿ, ಮುಂದಿನ ಸಂಖ್ಯೆಯನ್ನು ಮೂಲ ಕೋಷ್ಟಕದಂತೆ ಓದಬೇಕೆಂದು ನಿಯಮ ಹೇಳುತ್ತದೆ. ಆದ್ದರಿಂದಲೇ { ಚಿಹ್ನೆಗೆ 40ನೆಯ ಸ್ಥಾನ ಕೊಡಲಾಗಿದೆ; ಮೂಲ ಕೋಷ್ಟಕದ 40ರಲ್ಲಿ ಇರುವುದು ( ಎಂಬ ಆವರಣ. ಹಾಗೆಯೇ [ ಚಿಹ್ನೆಯ ಹಿಂದೆ < ಇದೆ, \ ಚಿಹ್ನೆಯ ಹಿಂದೆ / ಇದೆ, ~ ಚಿಹ್ನೆಯ ಹಿಂದೆ = ಇದೆ. ಯೂರೋ ಚಿಹ್ನೆಯ ಸ್ಥಾನ 101. ಮೂಲ ಕೋಷ್ಟಕದಲ್ಲಿ ಅದು ಇಂಗ್ಲಿಷಿನ ‘ಇ’ ಅಕ್ಷರ. ಹಳೆಯ ಫೋನಿನಲ್ಲಿ ಸಂದೇಶ ಪೂರ್ಣವಾಗಿ ಸರಿಯಾಗಿ ಕಾಣದಿದ್ದರೂ ಓದುಗನು ಊಹಿಸಿಕೊಳ್ಳಬಲ್ಲನು. ಸೋತಾಗಲೂ ಅರ್ಥದ ಹತ್ತಿರದಲ್ಲೇ ಸೋಲುವಂತೆ ನಿಯಮವನ್ನು ರೂಪಿಸಲಾಗಿದೆ.

ಇಲ್ಲಿಂದ ಒಂದು ಲೆಕ್ಕಾಚಾರವೂ ಹೊರಡುತ್ತದೆ. { ಎಂಬುದು ಕಣ್ಣಿಗೆ ಒಂದು ಚಿಹ್ನೆ, ಲೆಕ್ಕಕ್ಕೆ ಎರಡು. 160ರ ಮಿತಿಯನ್ನು ಎಸ್ಕೇಪ್‌ಗೆ ಮೊದಲು ಎಣಿಸಬೇಕೋ ನಂತರವೋ ಎಂಬುದು ಸ್ಪಷ್ಟವಿಲ್ಲದಿದ್ದರೆ ಸಂದೇಶದ ತುದಿ ಕತ್ತರಿಸಿಹೋಗುತ್ತದೆ.

4. ಕನ್ನಡಕ್ಕೆ ದೊರೆತ ಎರಡು ದಾರಿಗಳು

ಮೂಲ ವರ್ಣಮಾಲೆಯಲ್ಲಿಯೂ ವಿಸ್ತರಣಾ ಕೋಷ್ಟಕದಲ್ಲಿಯೂ ಇಲ್ಲದ ಕನ್ನಡಕ್ಕೆ ಮೊದಲು ದೊರೆತ ದಾರಿ ಯುಸಿಎಸ್-2. ಇದರಲ್ಲಿ ಎಸ್ಕೇಪ್‌ನ ಗೊಡವೆಯಿಲ್ಲ; ಪ್ರತಿ ಸಂಕೇತಕ್ಕೂ 16 ಬಿಟ್‌ಗಳು. ಆದರೆ ಇದಕ್ಕೆ ತೆರುವ ಬೆಲೆ ದೊಡ್ಡದು: 160ರ ಬದಲು 70. ಸಂದೇಶ ಉದ್ದವಾಗಿ ಭಾಗಗಳಾದರೆ, ಜೋಡಣೆಯ ಶಿರೋಭಾಗಕ್ಕೆ 6 ಬೈಟ್‌ಗಳು ಹೋಗಿ ಪ್ರತಿ ಭಾಗಕ್ಕೆ 67 ಮಾತ್ರ. ಸಂಕೇತ ಪದ್ಧತಿಯ ಆಯ್ಕೆ ಇಡೀ ಒಡಲಿಗೆ ಅನ್ವಯವಾಗುವುದರಿಂದ, ಇಂಗ್ಲಿಷ್ ಸಂದೇಶವೊಂದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಮಿತಿ 70ಕ್ಕೆ ಇಳಿಯುತ್ತದೆ. 2010ರಲ್ಲಿ ಅಂಗೀಕೃತವಾದ ₹ ಚಿಹ್ನೆಯ ಪರಿಣಾಮವೂ ಇದೇ. ಯೂರೋಗೆ ವಿಸ್ತರಣಾ ಕೋಷ್ಟಕದಲ್ಲಿ ಸ್ಥಾನವಿದೆ, ರೂಪಾಯಿಗೆ ಇಲ್ಲ.

ಎರಡನೆಯ ದಾರಿ ರಾಷ್ಟ್ರೀಯ ಭಾಷಾ ಪಲ್ಲಟ ಕೋಷ್ಟಕಗಳದು. 3ಜಿಪಿಪಿ ಸಂಸ್ಥೆಯ 23.038 ಸಂಖ್ಯೆಯ ನಿಯಮಾವಳಿಗೆ ಈ ವ್ಯವಸ್ಥೆ ಸೇರಿದ್ದು 2008ರಲ್ಲಿ. 2012ರ ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಭಾರತದ ಹತ್ತು ಭಾಷೆಗಳ ಕೋಷ್ಟಕಗಳಿವೆ. ಕನ್ನಡಕ್ಕೆ ನೀಡಿದ ಭಾಷಾ ಸಂಖ್ಯೆ 7. ಇದರಲ್ಲಿ ಪಲ್ಲಟಗಳು ಎರಡು ಬಗೆ. ಏಕ ಪಲ್ಲಟದಲ್ಲಿ ಎಸ್ಕೇಪ್ ಸಂಕೇತದ ನಂತರದ ಒಂದು ಸಂಖ್ಯೆ ಮಾತ್ರ ಬೇರೆ ಕೋಷ್ಟಕಕ್ಕೆ ಹೋಗುತ್ತದೆ. ಸ್ಥಿರ ಪಲ್ಲಟದಲ್ಲಿ ಮೂಲ ವರ್ಣಮಾಲೆಯನ್ನೇ ಬದಿಗಿರಿಸಿ ಇಡೀ ಒಡಲನ್ನು ಕನ್ನಡ ಕೋಷ್ಟಕದಂತೆ ಓದಬೇಕು. ಬೆರಳಚ್ಚು ಯಂತ್ರದಲ್ಲಿ ಷಿಫ್ಟ್ ಕೀಲಿಯನ್ನು ಒಮ್ಮೆ ಒತ್ತುವುದಕ್ಕೂ ಅದನ್ನು ಲಾಕ್ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಕನ್ನಡದ ಸ್ವರ, ವ್ಯಂಜನ, ಸ್ವರಚಿಹ್ನೆಗಳು ಸ್ಥಿರ ಪಲ್ಲಟದ ಕೋಷ್ಟಕದಲ್ಲಿವೆ. ಅದನ್ನು ಸೂಚಿಸುವ ಶಿರೋಭಾಗಕ್ಕೆ 4 ಬೈಟ್‌ಗಳನ್ನು ಕಳೆದರೆ ಉಳಿಯುವುದು 155 ಸ್ಥಾನಗಳು. 140 ಸಂಕೇತಗಳ ಕನ್ನಡ ವಾಕ್ಯವೊಂದು ಯುಸಿಎಸ್-2ರಲ್ಲಿ ಮೂರು ಭಾಗಗಳಾಗುವಲ್ಲಿ ಇಲ್ಲಿ ಒಂದೇ ಭಾಗದಲ್ಲಿ ಮುಗಿಯುತ್ತದೆ. 0ಯಿಂದ 9ರವರೆಗಿನ ಅಂಕಿಗಳು ಮತ್ತು ಇಂಗ್ಲಿಷಿನ ಸಣ್ಣಕ್ಷರಗಳೂ ಅದೇ ಕೋಷ್ಟಕದಲ್ಲಿವೆ. ಆದರೆ ಕನ್ನಡದ ಅಂಕಿಗಳು, ದಂಡಗಳು, ಇಂಗ್ಲಿಷಿನ ದೊಡ್ಡಕ್ಷರಗಳು ಇರುವುದು ಏಕ ಪಲ್ಲಟದ ಕೋಷ್ಟಕದಲ್ಲಿ. ಹಳಗನ್ನಡದ ೞ ಕಾರಕ್ಕೂ ಅಲ್ಲಿಯೇ ನೆಲೆ. ಇವುಗಳಿಗೆ ಪ್ರತಿ ಬಾರಿಯೂ ಎಸ್ಕೇಪ್ ಬೇಕು. ಹತ್ತಂಕಿಯ ದೂರವಾಣಿ ಸಂಖ್ಯೆಯೊಂದು ಕನ್ನಡ ಅಂಕಿಗಳಲ್ಲಿ 20 ಸ್ಥಾನಗಳನ್ನು ಹಿಡಿಯುತ್ತದೆ; 0, 1, 2 ಎಂಬ ಅಂಕಿಗಳಲ್ಲಿ ಹತ್ತನ್ನು. ಎರಡೂ ಕೋಷ್ಟಕಗಳನ್ನು ಬಳಸಿದರೆ ಶಿರೋಭಾಗ 7 ಬೈಟ್‌ಗಳಾಗಿ ಮಿತಿ 152ಕ್ಕೆ ಇಳಿಯುತ್ತದೆ.

5. ಸೋಲಿನ ರೀತಿ: ಇಸ್ಕಿಯೊಡನೆ ಹೋಲಿಕೆ

ಸ್ಥಿರ ಪಲ್ಲಟದ ಸೂಚನೆಯನ್ನು ಅರಿಯದ ಫೋನ್ ಏನು ಮಾಡಬೇಕು? ಆ ಸೂಚನೆಯನ್ನು ಬಿಟ್ಟು ಮುಂದೆ ಹೋಗಬೇಕೆಂಬುದು ನಿಯಮ. ಆಗ ಒಡಲಿನ ಸಂಖ್ಯೆಗಳನ್ನು ಮೂಲ ವರ್ಣಮಾಲೆಯಂತೆ ಓದಲಾಗುತ್ತದೆ. ಯೂರೋ ಚಿಹ್ನೆ ಸೋತಾಗ ಅರ್ಥದ ನೆರಳಾದರೂ ಉಳಿಯುತ್ತಿತ್ತು. ಇಲ್ಲಿ ‘ಧನಗೆರೆ’ಯ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಕಳುಹಿಸಿದವನಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ರವಾನೆಯ ದೃಷ್ಟಿಯಿಂದ ಸಂದೇಶ ತಲುಪಿದೆ.

ಇದನ್ನು 1991ರ ಭಾರತೀಯ ಮಾನಕ ಐಎಸ್ 13194, ಅಂದರೆ ಇಸ್ಕಿ ಸಂಕೇತ ಪದ್ಧತಿಯೊಡನೆ ಹೋಲಿಸಬಹುದು. ಅಲ್ಲಿಯೂ ಲಿಪಿಯನ್ನು ಬದಲಿಸುವ ಸಂಕೇತವಿದೆ: 239ರ ಮುಂದೆ 72 ಬಂದರೆ ಕನ್ನಡ. ಅದರ ವ್ಯಾಪ್ತಿ ಇನ್ನೊಂದು ಅಂತಹ ಸಂಕೇತ ಬರುವವರೆಗೆ ಅಥವಾ ಸಾಲಿನ ಕೊನೆಯವರೆಗೆ ಎಂದು ಮಿತಿಗೊಳಿಸಲಾಗಿದೆ. ಅಲ್ಲದೆ, ಬ್ರಾಹ್ಮಿ ಮೂಲದ ಲಿಪಿಗಳೆಲ್ಲಕ್ಕೂ ಒಂದೇ ವರ್ಣಕ್ಕೆ ಒಂದೇ ಸಂಖ್ಯೆ ಇರುವುದರಿಂದ, ಲಿಪಿ ಸೂಚನೆ ಕಳೆದುಹೋದರೂ ‘ಧನಗೆರೆ’ ಬಹುಶಃ ದೇವನಾಗರಿಯಲ್ಲಿ ಕಾಣಿಸಿಕೊಂಡೀತೇ ಹೊರತು ಬೇರೆ ಹೆಸರಾಗುವುದಿಲ್ಲ. ಲಿಪಿ ತಪ್ಪಿದರೂ ಧ್ವನಿ ತಪ್ಪುವುದಿಲ್ಲ. ಸ್ಥಿರ ಪಲ್ಲಟದಲ್ಲಿ ಇರಬೇಕಾದ ಎರಡು ರಕ್ಷಣೆಗಳು, ಎಂದರೆ ವ್ಯಾಪ್ತಿಯ ಮಿತಿ ಮತ್ತು ಸೋಲಿನಲ್ಲಿಯೂ ಉಳಿಯುವ ಅರ್ಥ, ಇಸ್ಕಿಯಲ್ಲಿ ಸಾಧಿತವಾಗಿದ್ದವು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಅಕ್ಷರವಿನ್ಯಾಸವನ್ನೇ ಆಧರಿಸಿದ ಹಳೆಯ ಫಾಂಟ್ ಸಂಕೇತಗಳದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಂತಹ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಠ್ಯದಲ್ಲಿ ಫಾಂಟಿನ ಹೆಸರೇ ಸ್ಥಿರ ಪಲ್ಲಟದ ಸೂಚನೆಯಂತೆ ಕೆಲಸ ಮಾಡುತ್ತದೆ. ಆದರೆ ಸರಳ ಪಠ್ಯದ ಸಂದೇಶ ಫಾಂಟಿನ ಹೆಸರನ್ನು ಹೊತ್ತು ಸಾಗುವುದಿಲ್ಲ. ಹಾಗಾಗಿ ಸಂದೇಶದೊಳಗೆ ಅಂಟಿಸಿದ ಪಠ್ಯ ರೋಮನ್ ಅಕ್ಷರಗಳ ಗೊಂದಲವಾಗಿ ತಲುಪುತ್ತದೆ. ಕನ್ನಡದ ಕಚೇರಿಗಳಿಗೆಲ್ಲ ಪರಿಚಿತವಾದ ಈ ಅನುಭವದ ಮೂಲ ಕಾರಣ, ಪಲ್ಲಟವಿದ್ದೂ ಅದರ ಸೂಚನೆ ಸಂದೇಶದೊಳಗೆ ಇಲ್ಲದಿರುವುದು.

6. ಕೋಷ್ಟಕದಲ್ಲಿ ಇಲ್ಲದ ಚಿಹ್ನೆ

ಕನ್ನಡ ಬರವಣಿಗೆಯಲ್ಲಿ ಕಣ್ಣಿಗೆ ಕಾಣದ ಎರಡು ಸಂಕೇತಗಳಿವೆ. ಯೂನಿಕೋಡಿನಲ್ಲಿ 8204 ಮತ್ತು 8205 ಸಂಖ್ಯೆಗಳ, ಶೂನ್ಯ ಅಗಲದ ಈ ಸಂಕೇತಗಳಲ್ಲಿ ಮೊದಲನೆಯದು ವ್ಯಂಜನಗಳು ಒತ್ತಕ್ಷರವಾಗಿ ಬೆಸೆಯದಂತೆ ತಡೆಯುತ್ತದೆ. ಎರಡನೆಯದು ಬೆಸೆಯುವ ರೀತಿಯನ್ನು ನಿರ್ದೇಶಿಸುತ್ತದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯುವುದು ಮೊದಲನೆಯದರಿಂದ ಸಾಧ್ಯ. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಎಂದಾಗುತ್ತದೆ. ಇಸ್ಕಿಯಲ್ಲಿ ಇದೇ ಕೆಲಸಕ್ಕೆ ಹಲಂತ ಚಿಹ್ನೆಯನ್ನು ಎರಡು ಬಾರಿ ಬರೆಯುವ ನಿಯಮವಿತ್ತು. ಮಿಂಚಂಚೆಯ ಎರಡು ಚುಕ್ಕಿಗಳ ಹಾಗೆ ಇದೂ ಚಿಹ್ನೆಯನ್ನು ಇಮ್ಮಡಿಸಿ ರೂಢಿಯ ಅರ್ಥದಿಂದ ಬಿಡಿಸುವ ಕ್ರಮ.

3ಜಿಪಿಪಿಯ ಕನ್ನಡ ಕೋಷ್ಟಕಗಳೆರಡರಲ್ಲಿಯೂ ಈ ಸಂಕೇತಗಳಿಗೆ ಸ್ಥಾನವಿಲ್ಲ. ಇಮ್ಮಡಿ ಹಲಂತದ ನಿಯಮವೂ ಇಲ್ಲ. ಅಂತಹ ಪದವಿರುವ ಸಂದೇಶ ಬಂದಾಗ ಕಳುಹಿಸುವ ತಂತ್ರಾಂಶಕ್ಕೆ ಉಳಿಯುವ ಆಯ್ಕೆಗಳು ಎರಡೇ: ಸಂಕೇತವನ್ನು ಸದ್ದಿಲ್ಲದೆ ಕೈಬಿಡುವುದು, ಇಲ್ಲವೇ ಇಡೀ ಸಂದೇಶವನ್ನು ಯುಸಿಎಸ್-2ಕ್ಕೆ ಒಯ್ಯುವುದು. ಮೊದಲನೆಯದು ಹೆಸರಿನ ರೂಪವನ್ನು ಕೆಡಿಸುತ್ತದೆ; ಎರಡನೆಯದು ವೆಚ್ಚವನ್ನು ಹೆಚ್ಚಿಸುತ್ತದೆ. ವ್ಯಕ್ತಿನಾಮಗಳಲ್ಲಿಯೂ ಅನ್ಯಭಾಷಾ ಪದಗಳಲ್ಲಿಯೂ ಈ ಸಂಕೇತಗಳ ಬಳಕೆ ಹೆಚ್ಚಾಗಿರುವುದರಿಂದ ಇದನ್ನು ಅಪವಾದವೆಂದು ತಳ್ಳಿಹಾಕಲಾಗದು. 2016ರಲ್ಲಿ ಭಾರತೀಯ ಮಾನಕ ಬ್ಯೂರೋ ಹೊರತಂದ ಐಎಸ್ 16333ರ ಮೂರನೆಯ ಭಾಗ, 22 ಭಾಷೆಗಳ ಸಂದೇಶಗಳನ್ನು ಪ್ರತಿ ಫೋನ್ ತೋರಿಸಬಲ್ಲದಾಗಿರಬೇಕೆಂದು ವಿಧಿಸಿದೆ. ತೋರಿಸುವ ಸಾಮರ್ಥ್ಯ ಹೀಗೆ ಖಚಿತವಾದರೂ, ತೋರಿಸಬೇಕಾದುದು ದಾರಿಯಲ್ಲೇ ಕಳೆದುಹೋದರೆ ಫೋನ್ ಅದನ್ನು ಮರಳಿ ತರಲಾರದು.

7. ಪದರಗಳು ಮತ್ತು ಇಮ್ಮಡಿ ಎಸ್ಕೇಪ್

ಸಂದೇಶವೊಂದು ಒಂದೇ ಪ್ರೋಟೊಕಾಲ್‌ನಲ್ಲಿ ಸಾಗುವುದು ಅಪರೂಪ. ಕಚೇರಿಯ ದತ್ತಸಂಚಯದಿಂದ ಜಾಲಸೇವೆಗೆ, ಅಲ್ಲಿಂದ ಸಂದೇಶ ಕೇಂದ್ರಕ್ಕೆ, ಅಲ್ಲಿಂದ ಫೋನಿಗೆ ಹೋಗುವಾಗ ಪ್ರತಿ ಹಂತಕ್ಕೂ ತನ್ನದೇ ಎಸ್ಕೇಪ್ ನಿಯಮವಿರುತ್ತದೆ. ಎಕ್ಸ್‌ಎಂಎಲ್ ಆಧಾರಿತ ಪ್ರೋಟೊಕಾಲ್‌ಗಳಲ್ಲಿ ಧ ಅಕ್ಷರವನ್ನು &#3239; ಎಂದು ಬರೆಯಬಹುದು; ಇಡೀ ಹೆಸರು ಹೀಗಾಗುತ್ತದೆ:

&#3239;&#3240;&#3223;&#3270;&#3248;&#3270;

ಇಲ್ಲಿ & ಎಂಬುದು ಸೂಚನೆಯ ಚಿಹ್ನೆ. ‘ಕೊಳ್ಳೇಗಾಲ & ಯಳಂದೂರು’ ಎಂದು ಬರೆಯಬೇಕಾದರೆ ಆ ಚಿಹ್ನೆಯನ್ನೇ &#38; ಎಂದು ಬರೆಯಬೇಕು. ಈಗಾಗಲೇ ಎಸ್ಕೇಪ್ ಆಗಿರುವ ಪಠ್ಯವನ್ನು ಮುಂದಿನ ಹಂತ ತಿಳಿಯದೆ ಇನ್ನೊಮ್ಮೆ ಎಸ್ಕೇಪ್ ಮಾಡಿದರೆ &#3239; ಎಂಬುದು &#38;#3239; ಆಗುತ್ತದೆ. ಕೊನೆಯ ಹಂತ ಒಮ್ಮೆ ಮಾತ್ರ ಬಿಡಿಸಿದಾಗ ಓದುಗನಿಗೆ ಕಾಣುವುದು ಧ ಅಲ್ಲ, ಸಂಖ್ಯೆಗಳ ಸಾಲು. ಇದಕ್ಕೆ ವಿರುದ್ಧವಾದ ದೋಷವೂ ಇದೆ: ಒಮ್ಮೆ ಬಿಡಿಸಬೇಕಾದುದನ್ನು ಎರಡು ಬಾರಿ ಬಿಡಿಸಿದರೆ, ಮಾತಿನಲ್ಲಿ ಉದಾಹರಣೆಯಾಗಿ ಬಂದ ಚಿಹ್ನೆ ಸೂಚನೆಯಾಗಿ ಮಾರ್ಪಡುತ್ತದೆ. ಹಾಗಾಗಿ ಎಸ್ಕೇಪ್ ಮಾಡುವಾಗ & ಚಿಹ್ನೆಯನ್ನು ಎಲ್ಲಕ್ಕಿಂತ ಮೊದಲು, ಬಿಡಿಸುವಾಗ ಎಲ್ಲಕ್ಕಿಂತ ಕೊನೆಗೆ ಬದಲಿಸಬೇಕೆಂಬ ಕ್ರಮವನ್ನು ಪಾಲಿಸಲಾಗುತ್ತದೆ.

ತಿಳಿಯದ ಎಸ್ಕೇಪ್ ಎದುರಾದಾಗಿನ ವರ್ತನೆಯಲ್ಲಿಯೂ ಪ್ರೋಟೊಕಾಲ್‌ಗಳು ಭಿನ್ನವಾಗಿವೆ. ಜೇಸನ್ ಪದ್ಧತಿಯಲ್ಲಿ ಪಟ್ಟಿಯಲ್ಲಿಲ್ಲದ ಎಸ್ಕೇಪ್ ವ್ಯಾಕರಣಕ್ಕೆ ವಿರುದ್ಧ. ಜಿಎಸ್‌ಎಂನಲ್ಲಿ ವಿಸ್ತರಣಾ ಕೋಷ್ಟಕದ ಖಾಲಿ ಸ್ಥಾನಕ್ಕೆ ಮೂಲ ಕೋಷ್ಟಕದ ಚಿಹ್ನೆಯನ್ನೇ ತೋರಿಸಬೇಕು. ಒಂದು ಕಟ್ಟುನಿಟ್ಟಿನ ಮಾರ್ಗ, ಇನ್ನೊಂದು ಉದಾರ ಮಾರ್ಗ. ಎರಡಕ್ಕೂ ಸಮರ್ಥನೆಯಿದೆ, ಯಾವುದೆಂದು ಹೇಳದೆ ಬಿಡುವುದಕ್ಕೆ ಮಾತ್ರ ಸಮರ್ಥನೆಯಿಲ್ಲ.

8. ತುಂಡರಿಸುವ ಜಾಗ

ಸಂದೇಶವನ್ನು ಭಾಗ ಮಾಡುವಾಗ ಎಸ್ಕೇಪ್ ಸಂಕೇತ ಒಂದು ಭಾಗದಲ್ಲಿಯೂ ಅದರ ಮುಂದಿನ ಸಂಖ್ಯೆ ಇನ್ನೊಂದು ಭಾಗದಲ್ಲಿಯೂ ಬೀಳಬಾರದು. ಮಿಂಚಂಚೆಯ ಶೀರ್ಷಿಕೆಗಳಿಗೆ ಸಂಬಂಧಿಸಿದ 1996ರ ಆರ್‌ಎಫ್‌ಸಿ 2047, ಅನೇಕ ಬೈಟ್‌ಗಳ ಅಕ್ಷರವನ್ನು ಎರಡು ತುಂಡುಗಳಿಗೆ ಹಂಚಬಾರದೆಂದು ಸ್ಪಷ್ಟವಾಗಿ ವಿಧಿಸಿದೆ. ಆದರೆ ಕನ್ನಡಕ್ಕೆ ಇಷ್ಟು ಸಾಲದು. ಸಂಕೇತ ಅಖಂಡವಾಗಿದ್ದರೂ ಅಕ್ಷರ ತುಂಡಾಗಬಹುದು: ಮೊದಲ ಭಾಗ ‘ಧನಗ’ ಎಂದು ಮುಗಿದು, ಎರಡನೆಯ ಭಾಗ ಆಸರೆಯಿಲ್ಲದ ಎತ್ವದಿಂದ ಆರಂಭವಾಗಬಹುದು. ಎರಡೂ ಭಾಗಗಳು ಸೇರಿದಾಗ ಇದು ಸರಿಹೋಗುತ್ತದೆ. ಎರಡನೆಯದು ತಲುಪದಿದ್ದರೆ, ಇಲ್ಲವೇ ತಂತ್ರಾಂಶ ಮಿತಿ ಮೀರಿದ್ದನ್ನು ಕತ್ತರಿಸಿದರೆ, ಹೆಸರು ಬದಲಾದಂತೆಯೇ. ‘ಕೊಳ್ಳೇಗಾಲ’ ಪದಕ್ಕೆ ಸಾಮಾನ್ಯ ರೂಪದಲ್ಲಿ 9 ಸಂಕೇತಗಳು. ಅದರ ‘ೊ’ ಮತ್ತು ‘ೇ’ಗಳನ್ನು ಯೂನಿಕೋಡ್ ಒಪ್ಪುವಂತೆ ಬಿಡಿಸಿ ಬರೆದರೆ 11. ಉದ್ದವನ್ನು ಯಾವ ರೂಪದಲ್ಲಿ ಎಣಿಸಬೇಕೆಂಬುದೂ ನಿಯಮದ ಭಾಗವೇ ಆಗಬೇಕು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ, ಸಂದೇಶ ಪ್ರೋಟೊಕಾಲ್‌ನ ನಿಯಮಾವಳಿ ಎಸ್ಕೇಪ್ ಕುರಿತು ಸ್ಪಷ್ಟಪಡಿಸಲೇಬೇಕಾದ ಆರು ಅಂಶಗಳನ್ನು ಗುರುತಿಸಬಹುದು. ಸೂಚನೆಯ ಚಿಹ್ನೆಯನ್ನೇ ಮಾತಿನಲ್ಲಿ ಬರೆಯುವ ಬಗೆ. ಪಲ್ಲಟದ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದು. ತಿಳಿಯದ ಎಸ್ಕೇಪ್ ಬಂದಾಗ ಪಡೆಯುವವನ ಕರ್ತವ್ಯ. ಯಾವ ಪದರ ಎಸ್ಕೇಪ್ ಮಾಡಬೇಕು, ಯಾವುದು ಬಿಡಿಸಬೇಕು, ಎಷ್ಟು ಬಾರಿ ಎಂಬುದು. ಉದ್ದವನ್ನು ಎಸ್ಕೇಪ್‌ಗೆ ಮೊದಲು ಎಣಿಸಬೇಕೋ ನಂತರವೋ ಎಂಬುದು. ತುಂಡರಿಸಬಾರದ ಘಟಕ ಯಾವುದೆಂಬುದು. ಇವುಗಳಲ್ಲಿ ಮೊದಲ ಐದು ಎಲ್ಲ ಭಾಷೆಗಳಿಗೂ ಸಮಾನ. ಆರನೆಯದಕ್ಕೆ ಉತ್ತರ ಕೊಡಬೇಕಾದವರು ಆಯಾ ಭಾಷೆಯನ್ನು ಬಲ್ಲವರು. ಕನ್ನಡದಲ್ಲಿ ಆ ಘಟಕ ಬೈಟೂ ಅಲ್ಲ, ಸಂಕೇತವೂ ಅಲ್ಲ, ಅಕ್ಷರ.

ಕೋಷ್ಟಕಗಳನ್ನು ರಚಿಸುವಾಗ ಮಿತವ್ಯಯವೇ ಮುಖ್ಯ ಗುರಿಯಾಗುವುದು ಸಹಜ. 70ರಿಂದ 155ಕ್ಕೆ ಏರಿದ ಮಿತಿ ಸಣ್ಣ ಸಾಧನೆಯಲ್ಲ. ಆದರೆ ನಿಯಮದ ಯೋಗ್ಯತೆಯನ್ನು ಅದು ಗೆದ್ದಾಗ ಉಳಿಸುವ ಸ್ಥಾನಗಳಿಂದ ಮಾತ್ರವಲ್ಲ, ಸೋತಾಗ ಓದುಗನಿಗೆ ಉಳಿಯುವುದೇನು ಎಂಬುದರಿಂದಲೂ ಅಳೆಯಬೇಕು. ಯೂರೋ ಚಿಹ್ನೆಗೆ ದೊರೆತ ಆ ಎಚ್ಚರ ಕನ್ನಡದ ಕೋಷ್ಟಕಕ್ಕೆ ದೊರೆತಿಲ್ಲ. ಶೂನ್ಯ ಅಗಲದ ಸಂಕೇತಗಳಿಗೆ ಸ್ಥಾನ, ಕನ್ನಡ ಅಂಕಿಗಳ ವೆಚ್ಚ, ಅಕ್ಷರವನ್ನು ಒಡೆಯದ ತುಂಡರಿಕೆ ಎಂಬ ಮೂರು ವಿಷಯಗಳಲ್ಲಿ ಭಾಷಾತಜ್ಞರೂ ತಂತ್ರಜ್ಞರೂ ಕೂಡಿ ಕೆಲಸ ಮಾಡುವ ಅಗತ್ಯವಿದೆ. ಆಗ ಮಾತ್ರ ಧನಗೆರೆಗೆ ಹೋಗುವ ಸಂದೇಶದಲ್ಲಿ ಧನಗೆರೆಯ ಹೆಸರು ಯಾವ ದಾರಿಯಿಂದ ಬಂದರೂ ಧನಗೆರೆಯಾಗಿಯೇ ತಲುಪುತ್ತದೆ.